ನೂರರವರೆಗೆ ಎಣಿಸು

“ಆ ವಿಳಾಸ ನಂದೇ ತಾಯಿ,” ಅಂದರು ಗಡಿಯಾರ ರಿಪೇರಿಯವರು. “ಆದ್ರೆ ಅದು ಸತ್ತು ಮೂರು ವರ್ಷ ಆಯ್ತಲ್ಲ!”

ಬಲಗಣ್ಣಿಗೆ ಸಿಕ್ಕಿಸಿಕೊಂಡಿದ್ದ ಮಸೂರವನ್ನು ಅವರು ತೆಗೆಯಲಿಲ್ಲ. ಚಿಮಟದ ತುದಿಯಲ್ಲಿದ್ದ ಪುಟಾಣಿ ಚಕ್ರವನ್ನೂ ಕೆಳಗಿಡಲಿಲ್ಲ. ಹಾಗೇ ತಲೆಯೆತ್ತಿ ನನ್ನತ್ತ ನೋಡಿದರು. ಮೆಟ್ಟಿಲ ಕೆಳಗಿನ ಅಂಗಡಿ ಅದು. ಇಬ್ಬರು ನಿಂತರೆ ಮೂರನೆಯವರು ರಸ್ತೆಯಲ್ಲಿ. ಗೋಡೆ ತುಂಬ ಗಡಿಯಾರ, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿತ್ತು.

“ಸತ್ತಿತ್ತು ಅಂದ್ರೆ?”

“ವೆಬ್‌ಸೈಟ್ ಹೆಸರಿಗೆ ವರ್ಷಾ ವರ್ಷಾ ಬಾಡಿಗೆ ಕಟ್ಟಬೇಕಲ್ಲ. ಮಗಳು ಮಾಡಿಕೊಟ್ಟಿದ್ಲು, ‘ಸ್ಥಿರಹಸ್ತ’ ಅಂತ, ಅಂಗಡಿ ಹೆಸರಲ್ಲೇ. ಹನ್ನೊಂದು ವರ್ಷ ಕಟ್ಟಿದೆ. ಆಮೇಲೆ ಕೈ ನಡುಗೋಕೆ ಶುರುವಾಯ್ತು. ಕೈ ನಡುಗೋನು ಸ್ಥಿರಹಸ್ತ ಅಂತ ಬೋರ್ಡು ಹಾಕ್ಕೊಂಡ್ರೆ ಜನ ನಗಲ್ವಾ? ಬಿಟ್ಟುಬಿಟ್ಟೆ.”

ಚಿಮಟದ ತುದಿ ನಿಜಕ್ಕೂ ನಡುಗುತ್ತಿತ್ತು. ನಾನು ನೋಟ ಬೇರೆ ಕಡೆ ತಿರುಗಿಸಿದೆ.

“ಈಗ ಅದೇ ಹೆಸರಲ್ಲಿ ಯಾರೋ ದುಡ್ಡು ಬೆಳೆಸಿಕೊಡೋ ಕಂಪನಿ ನಡೆಸ್ತಿದಾರೆ ಯಜಮಾನ್ರೇ. ನಿಮಗೆ ಗೊತ್ತಿತ್ತಾ?”

“ಗೊತ್ತಾಗಿದ್ದು ಹೋದ ವಾರ. ನನ್ನ ಹಳೇ ಗಿರಾಕಿ, ಡ್ರಾಯಿಂಗ್ ಮೇಷ್ಟ್ರು, ಬಂದು ಇಲ್ಲೇ ನಿಂತು ಜಗಳ ಆಡಿದ್ರು. ‘ನಿಮ್ಮ ಹೆಸರು ನೋಡಿ ನಂಬಿದೆ, ಈಗ ಹಾಕಿದ್ದು ವಾಪಸ್ ಬರ್ತಿಲ್ಲ’ ಅಂತ. ನಾನಲ್ಲ ಸ್ವಾಮಿ ಅಂದ್ರೆ ಕೇಳ್ತಾರಾ? ಮೊಬೈಲ್ ತೆಗೆದು ತೋರಿಸಿದ್ರು. ಹಸಿರು ಬಣ್ಣದಲ್ಲಿ, ಇಷ್ಟು ದೊಡ್ಡದಾಗಿ, ನೂರಕ್ಕೆ ಎಂಬತ್ತೇಳು.” ಅವರು ಮಸೂರ ತೆಗೆದು ಮೇಜಿನ ಮೇಲಿಟ್ಟರು. “ಯಾರಮ್ಮ ಆ ಎಂಬತ್ತೇಳು ಕೊಟ್ಟ ಪುಣ್ಯಾತ್ಮ?”

ಆ ಪುಣ್ಯಾತ್ಮಳು ಅವರ ಎದುರಿಗೇ ಕೈಚೀಲ ಹಿಡಿದು ನಿಂತಿದ್ದಳು.

“ಅದೇನೋ ಯಂತ್ರ ಕೊಡುತ್ತಂತೆ,” ಅಂದೆ.

“ಯಂತ್ರಕ್ಕೆ ಕೀಲಿ ಕೊಟ್ಟೋರು ಒಬ್ರು ಇರ್ತಾರಲ್ಲ,” ಅಂದರು ಅವರು, ಸಿಟ್ಟಿಲ್ಲದೆ. ಐವತ್ತು ವರ್ಷ ಗಡಿಯಾರ ಬಿಚ್ಚಿದವರು, ಅವರಿಗೆ ಯಂತ್ರದ ಕಥೆ ಹೇಳಿ ತಪ್ಪಿಸಿಕೊಳ್ಳಲಾಗದು. ಥ್ಯಾಂಕ್ಸ್ ಹೇಳಿ ಹೊರಗೆ ಬಂದುಬಿಟ್ಟೆ. ಕಳ್ಳಿಯ ಹಾಗೆ ಬಂದೆ ಅಂದರೂ ತಪ್ಪಿಲ್ಲ.

ನನ್ನ ಕೆಲಸವೇ ಅದು: ಅಂಕ ಕೊಡುವುದು. ‘ನಮ್ಮಲ್ಲಿ ದುಡ್ಡು ಹಾಕಿ, ಬೆಳೆಸಿ ಕೊಡುತ್ತೇವೆ’ ಎನ್ನುವ ವೆಬ್‌ಸೈಟುಗಳನ್ನು ಪರೀಕ್ಷೆ ಮಾಡಿ ನೂರಕ್ಕೆ ಇಷ್ಟು ಎಂದು ಬರೆಯುತ್ತೇನೆ. ಜನ ದುಡ್ಡು ಹಾಕುವ ಮೊದಲು ನಮ್ಮ ಆಫೀಸಿನ ಪುಟಕ್ಕೆ ಬಂದು ನೋಡುತ್ತಾರೆ. ಎಪ್ಪತ್ತರ ಮೇಲಿದ್ದರೆ ಹಸಿರು, ನಲವತ್ತರ ಕೆಳಗೆ ಕೆಂಪು. ಕಂಪನಿಯವರ ಮಾತು ನನಗೆ ಬೇಡ, ಮಾತನ್ನು ಎಲ್ಲರೂ ಚೆನ್ನಾಗಿಯೇ ಆಡುತ್ತಾರೆ. ನಾನು ನೋಡುವುದು ಹಿತ್ತಲನ್ನು. ವಿಳಾಸ ಎಷ್ಟು ಹಳೆಯದು? ಮಾಲೀಕರು ಹೆಸರು ಮುಚ್ಚಿಟ್ಟಿದ್ದಾರೆಯೇ? ಆ ಸೈಟು ಕೂತಿರುವ ಸರ್ವರ್‌ನಲ್ಲಿ ಅಕ್ಕಪಕ್ಕ ಯಾರಿದ್ದಾರೆ? ಒಂದೇ ವಠಾರದಲ್ಲಿ ನಲವತ್ತು ಹೂಡಿಕೆ ಕಂಪನಿಗಳು ಒತ್ತಿಕೊಂಡು ಕೂತಿದ್ದರೆ ಅದು ಕಳ್ಳರ ಬಿಡಾರ. ವಿಳಾಸದ ಪಕ್ಕದಲ್ಲಿ ಕಾಣುವ ಬೀಗದ ಚಿತ್ರಕ್ಕೆ ನಾನು ಒಂದು ಅಂಕವನ್ನೂ ಕೊಡುವುದಿಲ್ಲ. ಆ ಬೀಗ ಪುಕ್ಕಟೆ ಸಿಗುತ್ತದೆ, ಕಳ್ಳನೂ ತನ್ನ ಮನೆಗೆ ಬೀಗ ಹಾಕಿಯೇ ಹೊರಡುತ್ತಾನೆ.

ಸ್ಥಿರಹಸ್ತ ಎಲ್ಲದರಲ್ಲೂ ಪಾಸಾಗಿತ್ತು. ಸ್ವಂತ ಸರ್ವರ್, ಬಹಿರಂಗವಾಗಿಟ್ಟ ಮಾಲೀಕರ ಹೆಸರು, ಹದಿನಾಲ್ಕು ವರ್ಷದ ವಿಳಾಸ. ವಯಸ್ಸೊಂದಕ್ಕೇ ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟಿದ್ದೆ. ನಮ್ಮ ಯಂತ್ರ ನೋಡುವುದು ವಿಳಾಸ ಮೊಟ್ಟಮೊದಲು ಕಾಣಿಸಿಕೊಂಡ ದಿನವನ್ನು. ನಡುವೆ ಅದು ಸತ್ತು, ಬೇರೆ ಯಾರದೋ ಕೈಯಲ್ಲಿ ಎದ್ದು ಕೂತಿದೆಯೇ ಎಂದು ನೋಡುವ ನಿಯಮವನ್ನು ನಾನು ಬರೆದೇ ಇರಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ನಾನು.

ಮನಸ್ಸು ಕೆಟ್ಟಾಗ ನಾನು ಮೊದಲು ಹೇಳಿಕೊಳ್ಳುವುದು ಅಕ್ಕನಿಗೆ. ನನಗಿಂತ ಹನ್ನೆರಡು ವರ್ಷ ದೊಡ್ಡವಳು, ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಮೂವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದಳು. ಮುದ್ರಣಾಲಯ ಮುಚ್ಚಿತು. ದೂರದ ಊರಿನ ಒಂದು ಕಂಪನಿಯವರು, ಒಳ್ಳೆಯ ಭಾಷೆಯಲ್ಲಿ ಪತ್ರ ಬರೆಯುವವರು ಬೇಕು, ಊಟ ವಸತಿ ನಮ್ಮದು ಎಂದು ಕರೆದರು. ಆರು ತಿಂಗಳ ಹಿಂದೆ ಹೊರಟಳು.

ಹೊರಡುವ ದಿನ ಬಸ್ ನಿಲ್ದಾಣದಲ್ಲೇ ಅವಳ ಚಪ್ಪಲಿ ಕಿತ್ತುಹೋಯಿತು. ಎದುರಿನ ಅಂಗಡಿಯಲ್ಲಿ ನೀಲಿ ಪಟ್ಟಿಯ ಹೊಸ ಜೋಡಿ ಕೊಡಿಸಿದೆ. ಹಾಕಿಕೊಂಡು ಎರಡು ಹೆಜ್ಜೆ ನಡೆದು ನೋಡಿ, “ದಾರಿ ತಪ್ಪಿದ್ರೆ ಇದರ ಮೇಲೆ ಕೂತ್ಕೊಂಡು ಎಣಿಸ್ತೀನಿ ಬಿಡು,” ಎಂದು ನಕ್ಕಳು. ಅದು ನಮ್ಮಿಬ್ಬರದೇ ಮಾತು. ಚಿಕ್ಕಂದಿನಲ್ಲಿ ಸಂತೆಯಲ್ಲಿ ನಾನೊಮ್ಮೆ ಕಳೆದುಹೋಗಿದ್ದೆ. ಸಿಕ್ಕ ಮೇಲೆ ಎರಡು ಬಾರಿಸಿ ಹೇಳಿಕೊಟ್ಟಿದ್ದಳು: ದಾರಿ ತಪ್ಪಿದರೆ ಓಡಬೇಡ. ಚಪ್ಪಲಿ ಬಿಚ್ಚಿ ಅದರ ಮೇಲೆ ಕೂತ್ಕೋ. ನೂರರವರೆಗೆ ಎಣಿಸು. ಅಷ್ಟರಲ್ಲಿ ನಾನು ಬಂದುಬಿಡುತ್ತೇನೆ.

ಅವಳಿಗೆ ನಾವು ಫೋನ್ ಮಾಡುವ ಹಾಗಿಲ್ಲ, ಕಂಪನಿಯ ನಿಯಮವಂತೆ. ಪ್ರತಿ ಭಾನುವಾರ ಅವಳೇ ಮಾಡುತ್ತಿದ್ದಳು. ನಾಲ್ಕು ನಿಮಿಷ. ಊಟ ಚೆನ್ನಾಗಿದೆ, ಜನ ಒಳ್ಳೆಯವರು. ಕೊನೆಗೆ ಒಂದೇ ಪ್ರಶ್ನೆ: “ಕೆಲಸ ಈಗಲೂ ಕೈಯಾರೆ ಮಾಡ್ತೀಯಾ ತಾನೆ?” ಕರಡು ತಿದ್ದುವವಳ ಹಳೇ ಗೀಳು ಎಂದುಕೊಂಡು, ಹೂಂ ಎನ್ನುತ್ತಿದ್ದೆ. ಎರಡು ಭಾನುವಾರದಿಂದ ಫೋನ್ ಬಂದಿಲ್ಲ. ಹೇಳಲು ನಾಚಿಕೆ, ಸ್ಥಿರಹಸ್ತದ ಗಲಾಟೆಯಲ್ಲಿ ಸದ್ಯ ಒಂದು ಫೋನ್ ಕಮ್ಮಿಯಾಯಿತಲ್ಲ ಎಂದೇ ಅನಿಸಿತ್ತು.

ಬಸ್ಸಿನಲ್ಲಿದ್ದಾಗ ಆಫೀಸರಮ್ಮನ ಫೋನ್ ಬಂತು. ಸೈಬರ್ ಠಾಣೆಯವರು, ಈ ಕೇಸು ಅವರದೇ.

“ಗಡಿಯಾರದವರು ಏನಂದ್ರು?”

ಹೇಳಿದೆ. “ಈಗಲೇ ಅಂಕ ಇಳಿಸ್ತೀನಿ ಮೇಡಂ. ಕೆಂಪು ಮಾಡಿಬಿಡ್ತೀನಿ.”

“ಮುಟ್ಟಬೇಡಿ!” ಅಂದರು. “ನಾಳೆ ಸಂಜೆವರೆಗೂ ಎಂಬತ್ತೇಳು ಹಾಗೇ ಇರಲಿ. ಅವರು ನಿಮ್ಮ ಅಂಕನ ಹಣೆಗೆ ಹಚ್ಕೊಂಡು ಕೂತಿದಾರೆ, ಗಳಿಗೆಗೊಂದ್ಸಲ ನೋಡ್ತಾರೆ. ಕೆಂಪಾಯ್ತು ಅಂದ್ರೆ ಗಂಟುಮೂಟೆ ಕಟ್ತಾರೆ. ಕಟ್ಟಡ ಯಾವುದು ಅಂತ ನಮಗಿನ್ನೂ ಖಾತ್ರಿ ಆಗಿಲ್ಲ.”

“ಅಷ್ಟರಲ್ಲಿ ಇನ್ನೆಷ್ಟು ಜನ ಬೀಳ್ತಾರೆ ಗೊತ್ತಾ?”

“ಗೊತ್ತು. ಆದ್ರೆ ಅಲ್ಲಿ ಕೂತು ಕೆಲಸ ಮಾಡೋರೆಲ್ಲ ಕಳ್ಳರಲ್ಲ. ಕೆಲಸ ಕೊಡ್ತೀವಿ ಅಂತ ಕರೆಸಿ, ಹೊರಗೆ ಬಿಡದೆ ಕೂರಿಸ್ಕೊಂಡಿರೋರೂ ಇದಾರೆ. ಅವರ ಬಗ್ಗೆನೂ ನಾನು ಯೋಚನೆ ಮಾಡ್ಬೇಕು.”

“ಸರಿ,” ಅಂದೆ. ಕಿವಿಗೆ ಬಿತ್ತು, ಮನಸ್ಸಿಗೆ ಹೋಗಲಿಲ್ಲ. ನನ್ನ ಕಣ್ಣಿಗೆ ಕಟ್ಟಿದ್ದು ಡ್ರಾಯಿಂಗ್ ಮೇಷ್ಟ್ರು ಮೊಬೈಲ್ ಹಿಡಿದು ತೋರಿಸಿದ ಆ ಹಸಿರು ಮಾತ್ರ. ಅತ್ತ ದರಿ, ಇತ್ತ ಪುಲಿ.

ನಮ್ಮ ಆಫೀಸು ಕನ್ನಡಕದ ಅಂಗಡಿಯ ಮೇಲೆ, ಎರಡು ಕೋಣೆ. ಒಳಗಿನ ಕೋಣೆಯಲ್ಲಿ ಕೂಲಂಕಷ ಕೂತಿದ್ದ. ಆ ಹೆಸರಿಟ್ಟವಳು ನಾನೇ. ಟೀ ಕುಡಿಯೋಣವಾ ಎಂದರೂ “ಕೂಲಂಕಷವಾಗಿ ನೋಡೋಣ ಮೇಡಂ” ಎನ್ನುವ ಹುಟ್ಟುಗುಣ ಅವನದು. ಸೇಡು ತೀರಿಸಿಕೊಳ್ಳಲು ಅವನು ನನಗೆ ಅಂಕದಮ್ಮ ಎಂದು ಹೆಸರಿಟ್ಟಿದ್ದಾನೆ. ನಾನು ನಿಯಮ ಬರೆಯುತ್ತೇನೆ, ಅವನು ಅದನ್ನು ಯಂತ್ರಕ್ಕೆ ಕಲಿಸುತ್ತಾನೆ.

“ಬನ್ನಿ ಅಂಕದಮ್ಮ. ಮುಖ ಯಾಕೆ ಹೀಗಾಗಿದೆ?”

ನಾನು ಕೂರಲಿಲ್ಲ. ಅವನ ಪರದೆಯ ಮೂಲೆಯಲ್ಲಿ ಒಂದು ಸಂಖ್ಯೆ ಇರುತ್ತದೆ, ಈ ಗಂಟೆಯಲ್ಲಿ ಸ್ಥಿರಹಸ್ತದ ಅಂಕ ಎಷ್ಟು ಜನ ನೋಡಿದರು ಎಂದು. ಹದಿನಾಲ್ಕು. ನೋಡುತ್ತಿದ್ದಂತೆ ಹದಿನೈದಾಯಿತು.

“ನಿನ್ನ ಹತ್ರ ಒಂದು ಮಾತು ಕೇಳ್ಬೇಕು. ನಮ್ಮ ನಿಯಮದ ಪಟ್ಟಿ ಎಲ್ಲರಿಗೂ ಸಿಗುತ್ತೆ, ಅಲ್ವಾ?”

“ಸಿಗುತ್ತೆ. ನಮ್ಮ ಪುಟದಲ್ಲೇ ಹಾಕಿದೀವಲ್ಲ.”

“ಏಳು ಅಂಕದ್ದು?”

ಅವನು ತಿರುಗಿ ಕೂತ.

ಏಳು ಅಂಕದ ಕಥೆ ಇಷ್ಟು. ಯಾವ ಸೈಟಿನ ವಿಳಾಸದ ಮುಂದಾದರೂ ಕೈಗೆ ಬಂದ ಅಕ್ಷರ ಸೇರಿಸಿ ಹೊಡೆದರೆ, ಅಂಥ ಪುಟ ಇಲ್ಲ ಎಂಬ ಉತ್ತರ ಬರುತ್ತದೆ. ಮರ್ಯಾದಸ್ಥ ಕಂಪನಿಗಳು ಅಲ್ಲಿ ಕೂಡ ಎರಡು ಮಾತು ಬರೆದಿಡುತ್ತವೆ: ತಪ್ಪಿ ಬಂದಿರಾ, ಹೀಗೆ ಹೋಗಿ, ಈ ನಂಬರಿಗೆ ಫೋನ್ ಮಾಡಿ. ಮೋಸಗಾರರಿಗೆ ಅಷ್ಟು ವ್ಯವಧಾನವಿರುವುದಿಲ್ಲ. ದಾರಿ ತಪ್ಪಿದವರನ್ನು ವಿಚಾರಿಸಿಕೊಳ್ಳುವವರು ಅರ್ಧಪಾಲಾದರೂ ಪ್ರಾಮಾಣಿಕರು ಎಂಬುದು ನನ್ನ ನಂಬಿಕೆ. ಅದಕ್ಕೆ ಏಳು ಅಂಕ. ಈ ನಿಯಮ ಪಟ್ಟಿಯಲ್ಲಿಲ್ಲ. ಗೊತ್ತಿರುವುದು ಆಫೀಸಿನಲ್ಲಿ ನಮ್ಮಿಬ್ಬರಿಗೆ.

“ಸ್ಥಿರಹಸ್ತಕ್ಕೆ ಅದರಲ್ಲೂ ಏಳಕ್ಕೆ ಏಳು ಬಂದಿದೆ,” ಅಂದೆ. “ಪಟ್ಟಿಯಲ್ಲಿ ಇಲ್ಲದ ಪ್ರಶ್ನೆಗೂ ಉತ್ತರ ಬರ್ಕೊಂಡು ಬಂದಿದಾರೆ. ಪ್ರಶ್ನೆಪತ್ರಿಕೆ ಯಾರಿಗೆ ಮಾರ್ದೆ?”

“ಏನಂದ್ರಿ?”

“ಕನ್ನಡದಲ್ಲೇ ಕೇಳಿದೆ. ಎಷ್ಟು ಕೊಟ್ರು?”

ಅವನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಹೌದು, ಖುಷಿ. ತಪ್ಪು ಬೇರೆಯವರದು ಎಂದಾದರೆ ಎಷ್ಟು ಹಗುರ!

“ಮೇಡಂ, ಕೂಲಂಕಷವಾಗಿ—”

“ನಿನ್ನ ಕೂಲಂಕಷ ಆ ಕಡೆ ಇಡು! ಹೋದ ತಿಂಗಳು ಹೊಸ ಬೈಕ್ ಎಲ್ಲಿಂದ ಬಂತು?”

“ಅದು ನನ್ನ ಭಾಮೈದಂದು. ಬಿದ್ದು ಕಾಲು ಮುರ್ಕೊಂಡಿದಾನೆ, ಓಡಿಸೋಕೆ ಆಗಲ್ಲ ಅಂತ ಕೊಟ್ಟಿದಾನೆ. ಬೇಕಾದ್ರೆ ಅವನ ಕಾಲು ತೋರಿಸ್ತೀನಿ.”

“ತೋರಿಸ್ಬೇಡ. ಬೇಲಿನೇ ಎದ್ದು ಹೊಲ ಮೇಯ್ದಿದೆ. ನನಗೆ ಯಾರ ಕಾಲೂ ಬೇಡ.”

ಮೂಲೆಯ ಸಂಖ್ಯೆ ಹದಿನೆಂಟಾಗಿತ್ತು. ಎಲ್ಲೋ ಹದಿನೆಂಟು ಜನ, ಯಾರದೋ ಅಮ್ಮ, ಯಾರದೋ ಮಾವ, ನನ್ನ ಹಸಿರು ನೋಡಿ ಉಸಿರು ಬಿಟ್ಟು, ಸರಿ ಹಾಕೋಣ ಎನ್ನುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಅವನ ಕುರ್ಚಿಯನ್ನು ಪಕ್ಕಕ್ಕೆ ತಳ್ಳಿ ಕೀಲಿಮಣೆ ಎಳೆದುಕೊಂಡೆ.

“ಏನ್ ಮಾಡ್ತಿದೀರಾ?”

“ಮಾಡಿದ ಪಾಪ ತೊಳ್ಕೋತಿದೀನಿ.”

“ಆಫೀಸರಮ್ಮ ಬೇಡ ಅಂದಿದಾರೆ! ಬೆಳಿಗ್ಗೆ ನನಗೂ ಫೋನ್ ಮಾಡಿ ಹೇಳಿದ್ರು. ನಾಳೆ ಸಂಜೆವರೆಗೆ—”

“ನಾಳೆ ಸಂಜೆವರೆಗೆ ಎಷ್ಟು ಜನ? ಗಂಟೆಗೆ ಹದಿನೆಂಟು. ಲೆಕ್ಕ ಹಾಕು.”

ಗುಪ್ತಪದ ಹೊಡೆದೆ. ಎಂಬತ್ತೇಳನ್ನು ಅಳಿಸಿ ಒಂಬತ್ತು ಬರೆದೆ. ಒತ್ತಿದೆ. ಹಸಿರು ಹೋಯಿತು, ಕೆಂಪು ಬಂತು. ಒಂದು ವಾರದಿಂದ ಎದೆಯ ಮೇಲಿದ್ದ ಕಲ್ಲು ಇಳಿದ ಹಾಗಾಯಿತು. ಕೂತೆ, ನೀರು ಕುಡಿದೆ.

ಕೂಲಂಕಷ ಬಾಗಿಲ ಹತ್ತಿರ ನಿಂತಿದ್ದ. ಹೋಗಿಬಿಡುತ್ತಾನೆ ಎಂದುಕೊಂಡೆ. ಹೋಗಲಿಲ್ಲ.

“ಒಂದು ಕೇಳ್ಲಾ ಮೇಡಂ? ಆ ಇಲ್ಲದ ಪುಟದಲ್ಲಿ ಏನು ಬರ್ದಿದೆ?”

“ಯಾವುದರಲ್ಲಿ?”

“ಸ್ಥಿರಹಸ್ತದ್ದರಲ್ಲಿ. ಏಳಕ್ಕೆ ಏಳು ಅಂತೀರಲ್ಲ. ಓದಿದೀರಾ?”

ನಾನು ನೀರಿನ ಲೋಟ ಕೆಳಗಿಟ್ಟೆ.

“ಮುಂಚೆ ನೀವೇ ಕೈಯಾರೆ ಹೊಡೆದು ಓದ್ತಿದ್ರಿ. ಕೆಲಸ ಜಾಸ್ತಿ ಆಯ್ತು, ಇದನ್ನೂ ಯಂತ್ರಕ್ಕೆ ಹಾಕು ಅಂದೋರು ನೀವು. ಪುಟ ಇದ್ರೆ ಏಳು, ಇಲ್ದಿದ್ರೆ ಸೊನ್ನೆ ಅಂತ. ನಾನು ಬೇಡ ಅಂದೆ. ಪುಟ ಇದೆಯೋ ಇಲ್ವೋ ಅಂತ ಯಂತ್ರಕ್ಕೆ ಗೊತ್ತಾಗುತ್ತೆ, ಅದರಲ್ಲಿ ಏನು ಬರ್ದಿದೆ ಅಂತ ಗೊತ್ತಾಗಲ್ಲ ಅಂದೆ. ‘ಅಷ್ಟು ಸಾಕು’ ಅಂದ್ರಿ.” ಅವನು ಒಂದು ಹೆಜ್ಜೆ ಒಳಗೆ ಬಂದ. “ಮೂರು ವರ್ಷ ಒಟ್ಟಿಗೆ ಕೆಲಸ ಮಾಡಿದೀವಿ. ನನ್ನ ಮೇಲೆ ಅನುಮಾನ ಪಡೋಕೆ ಮುಂಚೆ ಒಂದ್ಸಲ ಓದ್ಬಹುದಿತ್ತು.”

ನಿಜ. ಅಕ್ಕ ಹೊರಟ ಮೂರನೇ ವಾರಕ್ಕೇ ಆ ಕೆಲಸವನ್ನು ಯಂತ್ರದ ತಲೆಗೆ ಕಟ್ಟಿದ್ದೆ. ಆಮೇಲೆ ಒಂದೇ ಒಂದು ಪುಟವನ್ನೂ ಓದಿರಲಿಲ್ಲ.

ಸ್ಥಿರಹಸ್ತದ ವಿಳಾಸ ಹೊಡೆದೆ. ಮುಂದೆ ಕೈಗೆ ಬಂದ ಆರು ಅಕ್ಷರ ಸೇರಿಸಿ ಒತ್ತಿದೆ. ತಿಳಿನೀಲಿ ಪುಟ ತೆರೆಯಿತು. ನಡುವೆ ನಾಲ್ಕು ಸಾಲು.

‘ದಾರಿ ತಪ್ಪಿತೇ? ಓಡಬೇಡಿ.
ಚಪ್ಪಲಿ ಬಿಚ್ಚಿ ಅದರ ಮೇಲೆ ಕೂತುಕೊಳ್ಳಿ.
ನೂರರವರೆಗೆ ಎಣಿಸಿ.
ಅಷ್ಟರಲ್ಲಿ ಬಂದುಬಿಡುತ್ತೇವೆ.’

ಮೊದಲು ನನಗೆ ಅರ್ಥವೇ ಆಗಲಿಲ್ಲ. ಯಾರೋ ನಮ್ಮ ಮನೆಯ ಮಾತನ್ನು ಕದ್ದಿದ್ದಾರೆ ಎಂದು ಸಿಟ್ಟು ಬಂತು. ಆಮೇಲೆ ಆ ನಾಲ್ಕು ಸಾಲನ್ನು ಮತ್ತೊಮ್ಮೆ ಓದಿದೆ.

“ಏನಾಯ್ತು ಮೇಡಂ?”

“ಇದು ನಮ್ಮಕ್ಕ,” ಅಂದೆ. “ಇದನ್ನ ಬರ್ದಿರೋದು ನಮ್ಮಕ್ಕ ಕಣೋ.”

ಏಳು ಅಂಕದ ಗುಟ್ಟು ಗೊತ್ತಿದ್ದದ್ದು ಇಬ್ಬರಿಗಲ್ಲ, ಮೂವರಿಗೆ. ಅಕ್ಕನ ಪೆಟ್ಟಿಗೆ ಕಟ್ಟುವಾಗ, ನೀನು ಅದು ಹೇಗೆ ಕಳ್ಳರನ್ನು ಹಿಡಿಯುತ್ತೀ ಎಂದು ಅವಳು ಕೇಳಿದ್ದಳು. ನಾನು ಜಂಬದಿಂದ ಎಲ್ಲ ಹೇಳಿದ್ದೆ. “ಅದೊಂದನ್ನ ಮಾತ್ರ ಯಾರಿಗೂ ಬಿಡಲ್ಲ ಅಕ್ಕ. ತಪ್ಪು ವಿಳಾಸ ಕೈಯಾರೆ ನಾನೇ ಹೊಡೆದು, ಅದರಲ್ಲಿರೋ ಒಂದೊಂದು ಅಕ್ಷರನೂ ಓದ್ತೀನಿ,” ಎಂದಿದ್ದೆ. ಅವಳು ಅಂಗಿ ಮಡಿಸುತ್ತಾ ಕೇಳಿಸಿಕೊಂಡಿದ್ದಳು.

ಹಾಗಾದರೆ ಒಳಗೆ ಕೂಡಿಹಾಕಿಸಿಕೊಂಡವರಲ್ಲಿ ಅವಳೊಬ್ಬಳು. ಕಳ್ಳರು ಇವಳ ಕೈಲಿ ಸೈಟಿನ ಮಾತುಗಳನ್ನು ಬರೆಸಿದರು. ಇಂಥ ಒಂದು ಪುಟ ಇದ್ದರೆ ಅಂಕ ಜಾಸ್ತಿ ಬರುತ್ತದೆ ಎಂದು ಅವಳೇ ಅವರಿಗೆ ಹೇಳಿರಬೇಕು. ಅವರಿಗೆ ಬೇಕಿದ್ದದ್ದು ಅಂಕ. ಅವಳಿಗೆ ಬೇಕಿದ್ದದ್ದು ನನ್ನ ಕಣ್ಣು. ಭಾನುವಾರ ಭಾನುವಾರ, ಪಕ್ಕದಲ್ಲಿ ಯಾರೋ ಕೂತಿರುವಾಗ, ಬಾಯಿಬಿಟ್ಟು ಕೇಳಬಹುದಾಗಿದ್ದ ಒಂದೇ ಪ್ರಶ್ನೆ ಕೇಳಿದಳು. ಕೈಯಾರೆ ಮಾಡ್ತೀಯಾ ತಾನೆ? ನಾನು ಹೂಂ ಎಂದೆ. ಪ್ರತಿ ಸಲವೂ ಹೂಂ ಎಂದೆ.

“ಕೆಳಗೆ ಇನ್ನೊಂದು ಸಾಲಿದೆ,” ಅಂದ ಕೂಲಂಕಷ. ಅವನು ನನ್ನ ಪಕ್ಕಕ್ಕೆ ಬಂದು ನಿಂತಿದ್ದ. “ಸಣ್ಣ ಅಕ್ಷರದಲ್ಲಿ.”

‘ಎಣಿಕೆ: ನೂರು.’

“ಇದೇನು ಮೇಡಂ?”

“ಗೊತ್ತಿಲ್ಲ. ಹಳೇದು ಇದೆಯಾ? ಈ ಪುಟದ್ದು ಹಿಂದಿನ ಪ್ರತಿ?”

“ನಮ್ಮ ಯಂತ್ರ ಪ್ರತಿ ಸೋಮವಾರ ಒಂದು ಪ್ರತಿ ತೆಗೆದಿಡುತ್ತೆ. ಯಾರೂ ನೋಡಲ್ಲ, ಸುಮ್ನೆ ಬಿದ್ದಿರುತ್ತೆ.” ಅವನ ಬೆರಳು ಕೀಲಿಮಣೆಯ ಮೇಲೆ ಓಡಿತು. “ಇಪ್ಪತ್ತು ಇವೆ.”

ಮೊದಲನೆಯದು ತೆರೆದ. ಅದೇ ನಾಲ್ಕು ಸಾಲು. ಕೆಳಗೆ, ‘ಎಣಿಕೆ: ಐದು.’

ಎರಡನೇ ಸೋಮವಾರ, ಹತ್ತು. ಮೂರನೆಯದು, ಹದಿನೈದು. ಅವನು ಒಂದೊಂದೇ ತೆರೆಯುತ್ತಾ ಹೋದ, ನಾನು ಒಂದೊಂದೇ ಓದುತ್ತಾ ಹೋದೆ. ನಲವತ್ತು. ಅವತ್ತು ನಾನು ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆಯಲ್ಲಿ ಹಾಡು ಹೇಳುತ್ತಿದ್ದೆ. ಅರವತ್ತೈದು. ಅವತ್ತು ನನಗೆ ಸಣ್ಣ ಜ್ವರ, ಅಕ್ಕ ಇದ್ದಿದ್ದರೆ ಗಂಜಿ ಮಾಡಿಕೊಡುತ್ತಿದ್ದಳು ಎಂದು ಅವಳ ಮೇಲೇ ಮುನಿಸಿಕೊಂಡಿದ್ದೆ. ತೊಂಬತ್ತು. ಫೋನ್ ನಿಂತ ವಾರ ಅದು. ತೊಂಬತ್ತೈದು.

ಈ ಸೋಮವಾರ, ನೂರು.

ಐದು ತಿಂಗಳಿನಿಂದ ಅವಳು ಕೂತಲ್ಲೇ ಕೂತು ಎಣಿಸುತ್ತಿದ್ದಳು. ನಾನು ಬರುತ್ತೇನೆ ಎಂದು. ತಂಗಿ ಬುದ್ಧಿವಂತೆ, ಒಂದೊಂದು ಅಕ್ಷರವನ್ನೂ ತಾನೇ ಓದುತ್ತಾಳೆ ಎಂದು. ಮೂವತ್ತು ವರ್ಷ ಕರಡು ತಿದ್ದಿದವಳು, ಓದದೆ ಅಂಕ ಕೊಡುವವರೂ ಇರುತ್ತಾರೆ ಎಂದು ಅವಳಿಗೆ ಹೊಳೆಯಲೇ ಇಲ್ಲ.

ಜೋರಾಗಿ ಅತ್ತೆ. ಅಳುತ್ತಿದ್ದವಳು ತಟ್ಟನೆ ನಿಲ್ಲಿಸಿದೆ.

“ಕೆಂಪು,” ಅಂದೆ.

ಕೂಲಂಕಷನಿಗೂ ಅದೇ ಹೊತ್ತಿಗೆ ಹೊಳೆದಿತ್ತು. ಕೆಂಪಾದರೆ ಗಂಟುಮೂಟೆ ಕಟ್ಟುತ್ತಾರೆ. ಗುಟ್ಟು ಹೊರಗೆ ಹೇಗೆ ಹೋಯಿತು ಎಂದು ಹುಡುಕುತ್ತಾರೆ. ಸೈಟಿನ ಒಂದೊಂದು ಪುಟವನ್ನೂ ತಿರುವಿ ನೋಡುತ್ತಾರೆ. ನಾನು ಐದು ತಿಂಗಳು ಓದದ್ದನ್ನು ಅವರು ಐದು ನಿಮಿಷದಲ್ಲಿ ಓದುತ್ತಾರೆ.

“ಹಸಿರು ಮಾಡು!” ಎಂದು ಕಿರುಚಿದೆ. “ವಾಪಸ್ ಹಸಿರು ಮಾಡು! ಎಂಬತ್ತೇಳಲ್ಲ, ತೊಂಬತ್ತು ಕೊಡು, ನೂರು ಕೊಡು!”

“ಎಂಬತ್ತೇಳೇ ಇರಲಿ ಮೇಡಂ. ಬೇರೆ ಕೊಟ್ರೆ ಅನುಮಾನ ಬರುತ್ತೆ.” ಅವನು ಸಂಖ್ಯೆಯನ್ನು ಸರಿಯಾಗಿಯೇ ಹೊಡೆದ. “ನಿಮ್ಮ ಗುಪ್ತಪದ ಹಾಕಿ.”

ಎರಡು ಸಲ ತಪ್ಪು ಹೊಡೆದೆ. ಮೂರನೇ ಸಲ ತೆರೆಯಿತು. ಕೆಂಪು ಹೋಗಿ ಹಸಿರು ಬಂತು. ಎಷ್ಟು ಹೊತ್ತು ಕೆಂಪಾಗಿತ್ತು? ಅವನು ಲೆಕ್ಕ ತೆಗೆದ. ಹದಿನಾರು ನಿಮಿಷ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣುವವಳು ಅಕ್ಕ.

ಗಂಟೆಗೆ ಇಪ್ಪತ್ತು ಜನರನ್ನು ಕಳ್ಳರ ಬಾಯಿಗೆ ತಳ್ಳುವ ಹಸಿರು ಅದು, ನನಗೆ ಗೊತ್ತಿತ್ತು. ಆ ಇಪ್ಪತ್ತು ಜನ ಆಗ ನನಗೆ ಯಾರೂ ಅಲ್ಲ. ಇದನ್ನು ಮುಚ್ಚಿಡುವುದಿಲ್ಲ.

“ನನ್ನ ಕ್ಷಮಿಸಿಬಿಡು,” ಅಂದೆ ಅವನಿಗೆ.

“ಆಮೇಲೆ ಮೇಡಂ. ಮೊದಲು ಆಫೀಸರಮ್ಮನಿಗೆ ಫೋನ್ ಮಾಡೋಣ.” ಅವನು ಕಿವಿಗೆ ಮೊಬೈಲ್ ಹಚ್ಚಿಕೊಂಡ. ಆ ಕಡೆ ರಿಂಗ್ ಆಗುವುದು ನನಗೂ ಕೇಳಿಸುತ್ತಿತ್ತು. ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದ.

ಸುಮ್ಮನೆ ಕೂರಲಾಗದೆ ನಾನು ಆ ತಿಳಿನೀಲಿ ಪುಟವನ್ನು ಮತ್ತೊಮ್ಮೆ ತೆರೆದೆ. ಅದೇ ವಿಳಾಸ, ಅದೇ ಆರು ಅಕ್ಷರ. ನಾಲ್ಕು ಸಾಲು ಇರಲಿಲ್ಲ. ಎರಡೇ ಇದ್ದವು.

‘ಎಣಿಸುತ್ತಿದ್ದವರು ಎದ್ದು ಹೋದರು.
ಚಪ್ಪಲಿ ಇಲ್ಲೇ ಇದೆ.’

ಕೆಳಗೆ ಒಂದು ಫೋಟೊ ನಿಧಾನವಾಗಿ ಮೂಡುತ್ತಿತ್ತು. ಮೊದಲು ಬರಿ ನೆಲ, ಒದ್ದೆಯಾದ ಸಿಮೆಂಟು. ಆಮೇಲೆ ನೀಲಿ ಪಟ್ಟಿ.

“ಹಲೋ?” ಎಂದರು ಆಫೀಸರಮ್ಮ, ಕೂಲಂಕಷನ ಮೊಬೈಲಿನಲ್ಲಿ. “ಹಲೋ, ಹೇಳಿ. ಏನಾಯ್ತು?”

ಫೋಟೊ ಪೂರ್ತಿ ಬಂದಿತ್ತು. ಚಪ್ಪಲಿ ಒಂದೇ ಇತ್ತು, ಎಡಗಾಲಿನದು. ಅದರ ಪಟ್ಟಿ ಕಿತ್ತುಹೋಗಿತ್ತು.